ಅತ್ತೆಯ ತುಟಿಗೆ ಕುಂಕುಮದ ಮೇಣ

ಲಕ್ವ ಹೊಡೆದ ಮೇಲೆ ನಮ್ಮತ್ತೆಗೆ ಬಾಯಿ ಪೂರ್ತಿ ಮುಚ್ಚಲು ಆಗುತ್ತಿರಲಿಲ್ಲ. ಎಡಗಡೆಯ ತುಟಿ ಜೋತುಬಿದ್ದು ಉಸಿರಾಟವೆಲ್ಲ ಬಾಯಲ್ಲೇ ನಡೆಯುತ್ತಿತ್ತು. ಮಾತು ತೊದಲುತ್ತಿತ್ತು, ಆದರೆ ಏನು ಹೇಳುತ್ತಿದ್ದಾರೆಂದು ತಿಳಿಯುತ್ತಿತ್ತು. ಕಣ್ಣು ಮಂಜು. ಬುದ್ಧಿ ಮಾತ್ರ ಮೊದಲಿಗಿಂತ ಚುರುಕು. ಕಾರ್ತಿಕದ ಒಣಗಾಳಿ ಬೀಸತೊಡಗಿದ್ದೇ ತಡ, ಆ ತೆರೆದ ಬಾಯಿಯ ತುಟಿಗಳು ಬಿರುಕುಬಿಟ್ಟವು. ಮೊದಲು ಸಿಪ್ಪೆ ಎದ್ದಿತು, ಆಮೇಲೆ ರಕ್ತ ಜಿನುಗಿತು. ಗಂಜಿಯಲ್ಲಿ ಒಂದು ಹರಳು ಉಪ್ಪಿದ್ದರೂ "ಉರೀತದೆ" ಎಂದು ಮುಖ ತಿರುಗಿಸುತ್ತಿದ್ದರು. ಚಮಚವನ್ನು ತುಟಿಗೆ ತಾಗಿಸದೆ ನೇರ ನಾಲಿಗೆಯ ಮೇಲಿಟ್ಟು, ತೊಟ್ಟು ತೊಟ್ಟಾಗಿ ಬಿಡಬೇಕಿತ್ತು. ಒಂದು ಬಟ್ಟಲು ಗಂಜಿ ಮುಗಿಯುವಷ್ಟರಲ್ಲಿ ಮುಂದಿನ ಗಂಜಿಗೆ ಹೊತ್ತಾಗಿರುತ್ತಿತ್ತು.

ನಮ್ಮ ಮನೆ ಬಾಗಲಗುಂಟೆಯಲ್ಲಿ. ಒಂದು ಕಾಲಕ್ಕೆ ಸುತ್ತ ಅತ್ತೆ ಮಾವನ ರಾಗಿ ಹೊಲವೇ ಇತ್ತಂತೆ. ಹೊಲ ಹೋಗಿ ಶೆಡ್ ಬಂತು, ಶೆಡ್ ಹೋಗಿ ಬಾಡಿಗೆ ಮನೆಗಳು ಬಂದವು. ಕೆಳಗೆ ನಾವು, ಮೇಲೆಲ್ಲ ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗುವ ಸಂಸಾರಗಳು. ಅತ್ತೆ ಮಲಗಿರುವ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಕೈ ಚಾಚಿದರೆ ಅಂಗೈಗೆ ಸಿಮೆಂಟು ತಾಗುತ್ತದೆ. ಆ ಸಂದಿಯಲ್ಲಿ ಬೆಳಗಿನ ಹೊತ್ತು ಒಂದಿಷ್ಟು ಬಿಸಿಲು ಇಳಿದು, ಅತ್ತೆಯ ಕಾಲ ಬಳಿ ಕೂತು, ಎದ್ದು ಹೋಗುತ್ತದೆ. ಅಷ್ಟಾದರೂ ಬರುತ್ತದಲ್ಲ ಎಂದು ಕೈ ಮುಗಿಯುತ್ತೇನೆ.

ಅವರು ಮಲಗಿದಂದಿನಿಂದ ನಾನು ಬೀದಿಯ ಕೊನೆ ದಾಟಿದ್ದು ಅಪರೂಪ. ಗಂಜಿ, ಮಾತ್ರೆ, ಬಟ್ಟೆ ಬದಲಾಯಿಸುವುದು, ಮಗ್ಗುಲು ತಿರುಗಿಸುವುದು. ನಡುವೆ ಮೇಲಿನಿಂದ "ಅಕ್ಕಾ, ನೀರ್ ಬರ್ತಿಲ್ಲ" ಎಂದು ಕೂಗು ಬಿದ್ದರೆ ಮೋಟಾರು ಹಾಕುವುದು, ಟ್ಯಾಂಕು ತುಂಬಿ ಸುರಿಯುವುದರೊಳಗೆ ಓಡಿಹೋಗಿ ಆರಿಸುವುದು. ಮೂಲೆಯ ಆಂಜನೇಯನ ಗುಡಿಗೂ ಹೋಗಲಾಗುತ್ತಿರಲಿಲ್ಲ. ಮಂಗಳಾರತಿಯ ಗಂಟೆ ಕೇಳಿದಾಗ ಒಲೆಯ ಮುಂದೆಯೇ ನಿಂತು ಕಣ್ಣು ಮುಚ್ಚುತ್ತಿದ್ದೆ. ಕಾಲು ಹೋಗದ ಕಡೆಗೆ ಕಿವಿಯಾದರೂ ಹೋಗುವಂತೆ ಮಾಡಿದ್ದಾನೆ, ಅದೂ ಅವನ ದಯೆಯೇ. ಹಾಗೆಂದುಕೊಂಡರೂ ಕೆಲವೊಮ್ಮೆ ಗೇಟಿನ ಕಂಬಿ ಹಿಡಿದು ಬೀದಿ ನೋಡುತ್ತಾ ನಿಂತಾಗ, ಹಾಲಿನ ಪ್ಯಾಕೆಟ್ ಹಿಡಿದು ಸುಮ್ಮನೆ ನಡೆದುಹೋಗುವ ಹೆಂಗಸರನ್ನು ಕಂಡು ಹೊಟ್ಟೆ ಉರಿಯುತ್ತಿತ್ತು.

ಆಗಲೇ ಮಗಳ ಸೀಮಂತ ಬಂತು. ನಮ್ಮೊಬ್ಬಳೇ ಮಗಳನ್ನು ಕಾಡುಗೋಡಿಗೆ ಕೊಟ್ಟಿದ್ದೇವೆ. ಅದೇ ಬೆಂಗಳೂರು, ಆದರೆ ಊರಿನ ಈ ತುದಿಗೆ ನಾವು, ಆ ತುದಿಗೆ ಅವಳು. ಬೀಗರು ಧನುರ್ಮಾಸ ಹುಟ್ಟುವುದಕ್ಕೆ ಮುಂಚಿನ ಭಾನುವಾರ ಎಂದು ಗೊತ್ತುಮಾಡಿದರು. ಅದು ತಪ್ಪಿದರೆ ಸಂಕ್ರಾಂತಿಯವರೆಗೆ ಮುಹೂರ್ತವಿಲ್ಲ, ಅಷ್ಟರಲ್ಲಿ ತಿಂಗಳು ಮೀರಿರುತ್ತದೆ.

"ಅಮ್ಮ, ನೀನ್ ಬರ್ದೇ ಇದ್ರೆ ನಾನ್ ಹಸೆ ಮೇಲೆ ಕೂರಲ್ಲ, ಹೇಳ್ಬಿಟ್ಟಿದೀನಿ" ಎಂದಳು ಮಗಳು ಫೋನಿನಲ್ಲಿ.

"ಹಂಗೆಲ್ಲ ಅನ್ಬೇಡ್ವೇ, ಶುಭಕಾರ್ಯ."

"ಅಜ್ಜಿನ ಅತ್ತೆ ನೋಡ್ಕೊಳ್ಳಲ್ವಾ ಒಂದಿನ?"

ಅವಳು ಅತ್ತೆ ಎಂದದ್ದು ನನ್ನ ನಾದಿನಿಯನ್ನು, ಅಂದರೆ ನಮ್ಮತ್ತೆಯ ಮಗಳನ್ನು. ದಾಸರಹಳ್ಳಿಯಲ್ಲಿ ಒಂದು ರೂಮು ಮಾಡಿಕೊಂಡು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಭಾನುವಾರ ಅವಳಿಗೆ ರಜೆ. ಸೀಮಂತಕ್ಕೆ ಅವಳನ್ನು ಕರೆಯುವುದೋ ಬೇಡವೋ ಎಂದು ನಮ್ಮಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಅಂಥ ಕಡೆ ಗಂಡನಿಲ್ಲದವರು ಮುಂದೆ ಬರಬಾರದು ಎಂಬುದು ನಡೆದುಬಂದದ್ದು. ಯಾರೂ ಹೇಳುವ ಕಷ್ಟ ಬೇಡವೆಂದು ಅವಳೇ ಮೊದಲು ಹೇಳಿಬಿಟ್ಟಿದ್ದಳು: "ನೀವೆಲ್ಲ ಹೋಗ್ಬನ್ನಿ ಅತ್ತಿಗೆ, ಅವ್ವನ್ ಹತ್ರ ನಾನಿರ್ತೀನಿ."

"ನೋಡ್ಕೋತಾಳೆ ಕಣೇ" ಎಂದೆ ಮಗಳಿಗೆ. "ಉಣ್ಸೋದ್ ಹೆಂಗೆ? ನನ್ ಕೈಯಲ್ಲೇ ಬಾಯಿ ತೆಗೆಯೋದ್ ಕಷ್ಟ. ಮಾತ್ರೆ ಬೇರೆ ಊಟದ ಮೇಲೇ ಕೊಡ್ಬೇಕು."

"ಹಂಗಾದ್ರೆ ಮೊದ್ಲು ತುಟಿ ವಾಸಿ ಮಾಡು. ಲಿಪ್ ಬಾಮ್ ಹಚ್ಚು."

ಹಚ್ಚದೆ ಇರುತ್ತೇನೆಯೇ? ಡಾಕ್ಟರು ಬರೆದುಕೊಟ್ಟ ಟ್ಯೂಬು ತಂದಿದ್ದೆವು. ಅತ್ತೆ ಅದನ್ನು ಮೂಸಿ ನೋಡಿ ಸೆರಗಿನಿಂದ ಒರೆಸಿಹಾಕಿದ್ದರು. "ಪ್ಯಾಟೆ ಎಂಗಸ್ರು ತುಟಿಗ್ ಬಳ್ಕಳಾದು ನಂಗ್ಯಾಕೆ? ಅದ್ರಾಗೆ ಯಾವ್ ಪ್ರಾಣಿ ಕೊಬ್ಬು ಆಕಿರ್ತಾರೋ, ಯಾರ್ ಕಂಡವ್ರೆ" ಎಂದಿದ್ದರು. ಗಂಡ ಹೋದ ಹೆಂಗಸಿನ ತುಟಿ ಮಿರುಗಬಾರದು, ವಾಸನೆ ಬರಬಾರದು ಎಂಬುದು ಒಳಗಿನ ಮಾತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

"ಮನೇಲೇ ಮಾಡು ಹಂಗಾದ್ರೆ. ಮೇಣ, ಕೊಬ್ಬರಿ ಎಣ್ಣೆ, ಅಷ್ಟೇ ಕಣಮ್ಮ" ಎಂದು ಮಗಳು ವಿಡಿಯೊ ಕಳಿಸಿದಳು. ಅದರಲ್ಲಿ ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಪಟಪಟನೆ ಮಾತಾಡುತ್ತಾ ಗಾಜಿನ ಬಟ್ಟಲಲ್ಲಿ ಏನೋ ಕರಗಿಸುತ್ತಿದ್ದಳು. ಬಣ್ಣಕ್ಕೆ ಬೀಟ್‌ರೂಟ್ ರಸ ಹಾಕಿದಳು. ಅದೊಂದನ್ನು ಬಿಡೋಣ ಎಂದುಕೊಂಡೆ. ಎಣ್ಣೆಗೆ ನೀರಿನ ರಸ ಬೆರೆಯುತ್ತದೆಯೇ? ಬೆರೆತರೂ ಕೆಂಪು ತುಟಿ ಮಾಡಿದರೆ ನಮ್ಮತ್ತೆ ನನ್ನನ್ನು ಬದುಕಿಸುತ್ತಾರೆಯೇ?

ಲೇತ್ ಶೆಡ್ಡಿನಲ್ಲಿ ಕೆಲಸ ಮಾಡುವ ನಮ್ಮ ಯಜಮಾನರಿಗೆ ಮೇಣ ತರಲು ಹೇಳಿದೆ.

"ಅದ್ಯಾಕೆ ಅಷ್ಟು ಕಷ್ಟ? ನಮ್ ಶೆಡ್ಡಲ್ಲಿ ಗ್ರೀಸ್ ಇದೆ, ಒಂದ್ ಡಬ್ಬಿ ತಂದ್ಕೊಡ್ತೀನಿ. ಬೇರಿಂಗೇ ಸವೆಯಲ್ಲ, ಇನ್ನ ತುಟಿ ಒಡೆಯತ್ತಾ?"

"ನಿಮ್ಮವ್ವನ ಮುಂದೆ ಹೇಳಿ ಈ ಮಾತು."

"ಬೇಡ ಮಾರಾಯ್ತಿ" ಎಂದು ನಗುತ್ತಾ ಹೋದವರು, ಸಂಜೆ ಗ್ರಂಥಿಗೆ ಅಂಗಡಿಯಿಂದ ಮೇಣದ ಬಿಲ್ಲೆ ತಂದರು. ಬೆಳ್ಳಗಿತ್ತು. ಜೇನುಮೇಣ ಅಷ್ಟು ಬೆಳ್ಳಗಿರುವುದಿಲ್ಲ ಎಂದು ಆಗಲೇ ಅನುಮಾನ ಬಂತು, ಆದರೆ ತಂದದ್ದನ್ನು ಎಸೆಯುವುದು ಹೇಗೆ? ಬಾಣಲೆಯಲ್ಲಿ ನೀರು ಕಾಯಿಸಿ, ಅದರ ಮೇಲೆ ಬಟ್ಟಲಿಟ್ಟು ಕರಗಿಸಿದೆ. ಎಣ್ಣೆ ಹಾಕಿದೆ. ಜೇನುತುಪ್ಪ ತಂಪಲ್ಲವೇ ಎಂದು ಅದನ್ನೂ ಒಂದು ಚಮಚ ಹಾಕಿದೆ. ಅದು ಬೆರೆಯದೆ ತಳದಲ್ಲಿ ಅಂಟಾಗಿ ಕೂತಿತು. ಆರಿದ ಮೇಲೆ ನೋಡಿದರೆ ಮೇಲೆ ಗಟ್ಟಿ ಬತ್ತಿ, ಕೆಳಗೆ ಪಾಕ. ಬೆರಳಲ್ಲಿ ಉಜ್ಜಿ ಉಜ್ಜಿ ಹಚ್ಚಿದೆ. ಪುಡಿಪುಡಿಯಾಗಿ ಉದುರಿತು.

ಅತ್ತೆ ಮೂಗು ಸೇದಿದರು. "ಸೀಮೆಣ್ಣೆ ನಾತ ಒಡೀತದೆ. ಇನ್ನೂ ಉಸ್ರು ಐತೆ ಕಣಮ್ಮಿ, ಈಗ್ಲೇ ಸುಡಾಕ್ ಓಗ್ಬ್ಯಾಡ."

ಮಾರನೆಯ ಬೆಳಿಗ್ಗೆ ದೇವರ ಕೋಣೆಯಲ್ಲಿ ದೀಪ ಹಚ್ಚಿ, ಹಣೆಗೆ ಕುಂಕುಮ ಇಟ್ಟುಕೊಳ್ಳುವಾಗ ಗೂಡಿನೊಳಗಿನ ಹಳೆಯ ಅರಗಿನ ಭರಣಿ ಕಣ್ಣಿಗೆ ಬಿತ್ತು. ಈಗಿನವರಿಗೆ ಗೊತ್ತಿರಲಾರದು. ಮೊದಲೆಲ್ಲ ಹೆಂಗಸರು ಹಣೆಗೆ ಬರಿಯ ಕುಂಕುಮ ಇಡುತ್ತಿರಲಿಲ್ಲ, ಉದುರಿಹೋಗುತ್ತದೆಂದು. ಮೊದಲು ಬೆರಳಿಗೆ ಒಂದು ಚೂರು ಜೇನುಮೇಣ ತೀಡಿಕೊಂಡು ಹಣೆಯ ಮೇಲೆ ದುಂಡಗೆ ಒತ್ತಿ, ಅದರ ಮೇಲೆ ಕುಂಕುಮ ಕೂರಿಸುತ್ತಿದ್ದರು. ಸಂಜೆಯವರೆಗೆ ಬೆವರಿದರೂ ಅಲುಗುತ್ತಿರಲಿಲ್ಲ. ಆ ಭರಣಿ ಅತ್ತೆಯದು. ಮಾವ ಹೋದ ಮೇಲೆ ಅವರು ಅದನ್ನು ಮುಟ್ಟಿಲ್ಲ. ನಾನು ಅಂಗಡಿಯ ಅಂಟು ಬಿಂದಿಯ ಕಾಲದವಳು, ಬರಿಯ ಕುಂಕುಮ ಇಟ್ಟುಕೊಳ್ಳುವುದೂ ಪೂಜೆಯ ಹೊತ್ತಿನಲ್ಲಿ ಮಾತ್ರ. ನನಗೂ ಆ ಮೇಣ ಬೇಕಾಗಿರಲಿಲ್ಲ. ಒಳಗೆ ಹಳದಿ ಕಪ್ಪುಗಟ್ಟಿದ, ಅಡಿಕೆಯಷ್ಟು ಗಟ್ಟಿ ಮೇಣದ ಮುದ್ದೆ ಹಾಗೆಯೇ ಇತ್ತು.

ದೇವರ ಮುಂದೆ ಇದ್ದದ್ದು, ಮಡಿಯಾದದ್ದು, ಮನೆಯದು. ಇದಕ್ಕಿಂತ ಶುದ್ಧವಾದದ್ದು ಇನ್ನೆಲ್ಲಿ ಸಿಗುತ್ತದೆ? ನೀನೇ ತೋರಿಸಿದೆಯಪ್ಪಾ ಎಂದು ಆಂಜನೇಯನಿಗೆ ಕೈಮುಗಿದೆ.

ಕುಂಕುಮ ಹತ್ತಿದ ಮೇಲ್ಪದರವನ್ನು ಚಾಕುವಿನಿಂದ ಕೆರೆದು ತುಳಸಿಯ ಬುಡಕ್ಕೆ ಹಾಕಿದೆ. ಉಳಿದದ್ದನ್ನು ಚೂರುಮಾಡಿ ಬಿಸಿನೀರಿನ ಮೇಲಿಟ್ಟೆ. ನಿಧಾನವಾಗಿ ಅಂಚು ಕರಗಿ, ಮಧ್ಯ ಕುಸಿದು, ಜೇನಿನ ಬಣ್ಣಕ್ಕೆ ತಿರುಗಿತು. ಆಗ ಎದ್ದ ವಾಸನೆಯನ್ನು ಏನೆಂದು ಹೇಳಲಿ? ಹೂವಿನದು, ಹೊಗೆಯದು, ಹಳೆಯ ಮರದ ಪೆಟ್ಟಿಗೆಯದು. ಅಡುಗೆಮನೆಯ ಗೋಡೆ ಸ್ವಲ್ಪ ಹಿಂದೆ ಸರಿದ ಹಾಗಾಯಿತು. ಮೇಣದ ನಾಲ್ಕರಷ್ಟು ಕೊಬ್ಬರಿ ಎಣ್ಣೆ, ಒಂದು ಚಮಚ ಮನೆಯ ತುಪ್ಪ. ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿದೆ. ತಣ್ಣನೆಯ ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟು ನೋಡಿದೆ. ಬೆರಳಿಟ್ಟರೆ ಬೆಣ್ಣೆಯಂತೆ ಜಾರಿತು. ಹುಣಸೆಹಣ್ಣು ಹಾಕಿ ತಿಕ್ಕಿದ ಪುಟ್ಟ ಸ್ಟೀಲ್ ಡಬ್ಬಿಗೆ ಸುರಿದೆ.

ಇನ್ನು ಎಂಜಲಿನ ಪ್ರಶ್ನೆ. ಬೆರಳನ್ನು ತುಟಿಗೆ ಹಚ್ಚಿ ಮತ್ತೆ ಡಬ್ಬಿಗೆ ಅದ್ದಿದರೆ ಡಬ್ಬಿಯೆಲ್ಲ ಎಂಜಲು. ವಿಡಿಯೊದ ಹುಡುಗಿಗೆ ಆ ಯೋಚನೆಯೇ ಇರಲಿಲ್ಲ, ಅದ್ದಿದಳು, ಹಚ್ಚಿದಳು, ಮತ್ತೆ ಅದ್ದಿದಳು. ನಾನು ವೀಳ್ಯದೆಲೆಯ ತೊಟ್ಟಿನಿಂದ ಒಂದು ಚೂರು ಕೆದಕಿ ಬೆರಳಿಗೆ ಹಾಕಿಕೊಂಡು ಹಚ್ಚುವುದೆಂದು ಮಾಡಿದೆ. ತೊಟ್ಟು ದಿನಕ್ಕೊಂದು ಹೊಸದು.

"ಏನಿದು?" ಎಂದರು ಅತ್ತೆ.

"ಮನೇಲಿ ಮಾಡಿದ್ದು ಅತ್ತೆ. ಎಣ್ಣೆ, ತುಪ್ಪ."

ಹಚ್ಚಿಸಿಕೊಂಡರು. ರಾತ್ರಿಯಿಂದ ನೆಗಡಿ ಹಿಡಿದು ಮೂಗು ಕಟ್ಟಿತ್ತು. ಅದು ನನ್ನ ಪಾಲಿನ ಅದೃಷ್ಟವೋ ಕೇಡೋ, ಇವತ್ತಿಗೂ ತಿಳಿಯದು.

ಕೆಲವೇ ದಿನಕ್ಕೆ ಬಿರುಕು ಕೂಡಿತು. ರಕ್ತ ನಿಂತಿತು. ಹಿಸುಕಿದ ಅನ್ನಕ್ಕೆ ತಿಳಿಸಾರು ಬೆರೆಸಿ ಕೊಟ್ಟರೆ ಉರಿ ಎನ್ನದೆ ನುಂಗಿದರು. ಆ ಭಾನುವಾರ ನಾದಿನಿ ಬಂದಾಗ ಪರೀಕ್ಷೆ ಮಾಡೋಣವೆಂದು ಡಬ್ಬಿ, ಚಮಚ ಎರಡನ್ನೂ ಅವಳ ಕೈಗೆ ಕೊಟ್ಟು ಬಾಗಿಲ ಹಿಂದೆ ನಿಂತೆ. ಅವಳು ಹಚ್ಚಿದಳು, ಅವಳ ಕೈಯಿಂದಲೇ ಅತ್ತೆ ಬಟ್ಟಲು ಖಾಲಿ ಮಾಡಿದರು. ನಾದಿನಿ ನನ್ನ ಕಡೆ ನೋಡಿ ಹುಬ್ಬು ಕುಣಿಸಿದಳು. ಮುಂದಿನ ಭಾನುವಾರವೇ ಸೀಮಂತ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಬಾಗಿಲು ತೆರೆಯಿತಲ್ಲ ದೇವರೇ ಎಂದುಕೊಂಡೆ.

ಆ ವಾರವಿಡೀ ಕೈ ಕಾಲಿಗೆ ರೆಕ್ಕೆ. ಹಸಿರು ಗಾಜಿನ ಬಳೆ ತರಿಸಿದೆ. ಮಡಿಲು ತುಂಬಲು ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನದ ಕೊನೆ ಕಟ್ಟಿಟ್ಟೆ. ಚಕ್ಕುಲಿ, ರವೆ ಉಂಡೆ ಮಾಡಿದೆ. ಪೆಟ್ಟಿಗೆಯ ತಳದಲ್ಲಿದ್ದ ಮಾವಿನಕಾಯಿ ಅಂಚಿನ ರೇಷ್ಮೆ ಸೀರೆ ತೆಗೆದು ಇಸ್ತ್ರಿಗೆ ಕೊಟ್ಟೆ.

ಗುರುವಾರ ಅತ್ತೆಯ ನೆಗಡಿ ಬಿಟ್ಟಿತು. ಬೆಳಿಗ್ಗೆ ಬೆರಳನ್ನು ತುಟಿಯ ಬಳಿ ತಂದಾಗ ನನ್ನ ಮಣಿಕಟ್ಟು ಹಿಡಿದರು. ಆಡುವ ಕೈ ಅದೊಂದೇ, ಹಿಡಿತ ಗಟ್ಟಿ. ಮೂಸಿದರು. ಮತ್ತೆ ಮೂಸಿದರು.

"ಇದು ಒಂಗೆ ಮರದ್ದು."

ಮಣಿಕಟ್ಟು ಬಿಡದೆ ಮತ್ತೆ ಹೇಳಿದರು.

"ಒಲದ ಬದಿನಾಗೆ ಇತ್ತು ಆ ಮರ. ನಿಮ್ಮಾವ ಅತ್ತಿ ಜೇನು ಕಿತ್ರು. ಮೋರೆಯೆಲ್ಲ ಊದ್ಕಂಡು ಮೂರ್ ದಿನ ಕಣ್ಣೇ ಬಿಡ್ನಿಲ್ಲ. ಆ ಮೇಣ ಕಣೇ ಇದು. ನನ್ ಬರಣೀದು."

"ಹೌದು ಅತ್ತೆ."

"ಅಣೆಗಿಡಾದ್ನ ತಂದು ಎಂಜಲ ಬಾಯಿಗೆ ಬಳ್ದಾ? ಮುತ್ತೈದೆ ಸಾಮಾನ್ನ ತಂದು ಈ ಮುಂಡೆ ಬಾಯಿಗೆ ಬಳ್ದಾ?"

ಸೆರಗಿನಿಂದ ತುಟಿಯನ್ನು ಉಜ್ಜತೊಡಗಿದರು. ಕೂಡಿಕೊಂಡಿದ್ದ ಚರ್ಮ ಮತ್ತೆ ಕಿತ್ತುಬಂತು, ರಕ್ತ ಬಂತು. ಬೇಡ ಅತ್ತೆ ಎಂದು ಕೈ ಹಿಡಿದರೆ ಗೋಡೆಯ ಕಡೆ ತಿರುಗಿಕೊಂಡರು. ದೇವರ ಕೋಣೆಯದು ಎಂದಷ್ಟೇ ನಾನು ಯೋಚಿಸಿದ್ದು. ಅದು ಯಾರ ಹಣೆಯದು, ಯಾರ ಸಲುವಾಗಿ ಇಟ್ಟದ್ದು ಎಂಬುದು ಹೊಳೆದಿರಲಿಲ್ಲ. ಇಷ್ಟು ವರ್ಷ ಪೂಜೆ ಮಾಡಿದವಳಿಗೆ ಅಷ್ಟೂ ಹೊಳೆಯಲಿಲ್ಲ.

ಗುರುವಾರ, ಶುಕ್ರವಾರ ಅವರು ನೀರಿನ ಹೊರತು ಏನೂ ಮುಟ್ಟಲಿಲ್ಲ. ಮಾತ್ರೆ ತಪ್ಪಿತು. ಯಜಮಾನರು ಗದರಿದರು, ಗೋಗರೆದರು, ಆಗಲಿಲ್ಲ. ಶನಿವಾರ ಮಧ್ಯಾಹ್ನ ಅವರೇ ಕರೆದರು.

"ಬಾ ಇಲ್ಲಿ. ಅಚ್ಚು."

"ಅದನ್ನೇನಾ ಅತ್ತೆ?"

"ಅದನ್ನೇ. ಕರಗ್ಸಿದ್ದಾಯ್ತಲ್ಲ, ಇನ್ನೇನ್ ವಾಪಸ್ ಅಣೆಗ್ ಓಗ್ತದಾ?" ಎಂದರು. ನನಗೆ ನಗು ಬಂತು, ಅಳುವೂ ಬಂತು. ಹಚ್ಚಿದೆ. ಹಚ್ಚಿಸಿಕೊಳ್ಳುವಾಗ ಕಣ್ಣು ಮುಚ್ಚಿಕೊಂಡಿದ್ದರು. ಮುಗಿದ ಮೇಲೆ ಹೇಳಿದರು, "ಇನ್ಮ್ಯಾಕೆ ನೀನೇ ಅಚ್ಬೇಕು. ಮುತ್ತೈದೆ ಕೈಯಾಗೇ ಆಗ್ಬೇಕು. ಅವ್ಳು ಮುಟ್ಬಾರ್ದು."

"ಯಾರು ಅತ್ತೆ?"

"ಗೊತ್ತಿಲ್ವಾ ನಿಂಗೆ? ನನ್ ಮಗ್ಳು."

"ನಾಳೆ ನಾನು ಕಾಡುಗೋಡಿಗೆ..."

"ಓಗು. ನಾನೇನ್ ಕಟ್ಟಾಕಿದ್ದೀನಾ? ನೀ ಬಂದ್ಮ್ಯಾಕೆ ಉಣ್ತೀನಿ."

ನಾನು ಬರುವುದು ಸಂಜೆ ಕಳೆದು. ಬೆಳಿಗ್ಗೆ ಹಚ್ಚಿಹೋದದ್ದು ಮಧ್ಯಾಹ್ನದವರೆಗೆ ನಿಲ್ಲುವುದಿಲ್ಲ. ಆಗಲೇ ಎರಡು ದಿನ ಮಾತ್ರೆ ತಪ್ಪಿತ್ತು. ಆದರೂ ಮನಸ್ಸು ಬಿಡಲಿಲ್ಲ. ನಾಳೆ ತಮ್ಮ ಮಗಳ ಮುಖ ಕಂಡರೆ ಕರಗುತ್ತಾರೆ, ಹೆತ್ತ ಹೊಟ್ಟೆಯಲ್ಲವೇ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ನಾದಿನಿ ಬಂದಳು, ನನಗೆ ಮುಡಿಯಲು ಎರಡು ಮೊಳ ಕನಕಾಂಬರವನ್ನೂ ತಂದಿದ್ದಳು. ನಾನು ಸೀರೆ ಉಟ್ಟು ಸಿದ್ಧಳಾಗಿದ್ದೆ. ಅವಳು ಕೈ ತೊಳೆದು, ತೊಟ್ಟಿನಿಂದ ಚೂರು ತೆಗೆದು ಅವ್ವನ ಬಳಿ ಕೂತಳು. ಅತ್ತೆ ಜೋತುಬಿದ್ದ ತುಟಿಯನ್ನು ಹಲ್ಲಿನ ಕೆಳಗೆ ಸಿಕ್ಕಿಸಿ ಬಿಗಿಹಿಡಿದರು. ಅಷ್ಟು ಬಲ ಎಲ್ಲಿಂದ ಬಂತೋ.

"ಅತ್ತಿಗೆ, ಅವ್ವ ಬಾಯ್ ಬಿಡ್ತಿಲ್ಲ."

ನಾನು ಹೇಳಬೇಕಾದದ್ದನ್ನು ಅತ್ತೆಯೇ ಹೇಳಿದರು: "ನೀ ಬ್ಯಾಡ ಕಣೆ. ಅದು ಮುತ್ತೈದೇದು."

ನಾದಿನಿಯ ಬೆರಳು ಗಾಳಿಯಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಕೇಳಿದಳು, "ನಿನ್ ಉಚ್ಚೆ ಬಟ್ಟೆ ತೆಗೆಯಕ್ಕೆ ಈ ಕೈ ಆಗ್ತದೆ. ತುಟಿಗಾಗಲ್ವಾ ಅವ್ವ?"

ಅತ್ತೆ ಗೋಡೆಗೆ ತಿರುಗಿಕೊಂಡರು.

ಯಜಮಾನರು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಾಗಸಂದ್ರದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸ್ಬೇಕು ಕಣೇ, ಮುಹೂರ್ತ ಮೀರತ್ತೆ. ಬಾ. ಒಂದ್ ಹೊತ್ತು ಉಪವಾಸ ಇದ್ರೆ ಏನೂ ಆಗಲ್ಲ."

ಚಪ್ಪಲಿ ಮೆಟ್ಟಿಕೊಂಡೆ. ಗೇಟಿನವರೆಗೂ ಹೋದೆ. ಮಡಿಲು ತುಂಬಿಸಿಕೊಂಡ ನನ್ನ ಮಗಳು ಕಣ್ಣ ಮುಂದೆ ಇದ್ದಳು, ಇಷ್ಟೇ ದೂರದಲ್ಲಿ. ಹಸಿದ ಒಂದು ಜೀವವನ್ನು, ಹಟಮಾರಿಯೇ ಆಗಲಿ, ಹಾಸಿಗೆಯಲ್ಲಿ ಬಿಟ್ಟುಹೋಗಿ ಅಲ್ಲಿ ಯಾವ ಬಾಯಲ್ಲಿ ಹರಸಲಿ? ಆಂಜನೇಯ, ನೀನು ಸಮುದ್ರ ಹಾರಿದವನು, ನನಗೆ ಈ ಹೊಸಿಲು ಹಾರಲಾಗುತ್ತಿಲ್ಲ ಎಂದುಕೊಂಡು ಕಂಬಿ ಹಿಡಿದು ನಿಂತೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದೆ.

"ನೀನ್ ಹೋಗು" ಎಂದೆ ನಾದಿನಿಗೆ.

"ಎಲ್ಲಿಗೆ?"

"ಕಾಡುಗೋಡಿಗೆ. ಹೆಣ್ಣಿನ ಕಡೆಯಿಂದ ಒಂದ್ ಹೆಂಗಸಾದ್ರೂ ಬೇಡ್ವಾ? ಇವ್ರು ಗಂಡಸು, ಮಡಿಲಕ್ಕಿ ಹಿಡ್ಕೊಂಡು ಏನ್ಮಾಡ್ತಾರೆ?"

"ಸೀಮಂತಕ್ಕೆ ನಾನಾ? ತಲೆ ಕೆಟ್ಟಿದ್ಯಾ ಅತ್ತಿಗೆ? ಬೀಗರು ಬಾಗ್ಲಲ್ಲೇ ನಿಲ್ಸಿದ್ರೆ?"

"ನಿಲ್ಸಿದ್ರೆ ನಿಂತ್ಕೋ. ನಾನಿಲ್ಲಿ ನಿಂತಿಲ್ವಾ?"

ಹಾಗೆ ಹೇಳಿದ್ದರಲ್ಲಿ ಒಳ್ಳೆಯತನ ಎಷ್ಟಿತ್ತೋ, ಅತ್ತೆಯ ಮೇಲಿನ ಸಿಟ್ಟೂ ಅಷ್ಟೇ ಇತ್ತು. ಅವರಿಗೆ ಕೇಳಲಿ ಎಂದೇ ಜೋರಾಗಿ ಹೇಳಿದೆ. ಅವರು ಮಿಸುಕಲಿಲ್ಲ. ನಾನು ಉಟ್ಟಿದ್ದ ರೇಷ್ಮೆ ಸೀರೆ ಬಿಚ್ಚಿ ನಾದಿನಿಗೆ ಉಡಿಸಿದೆ. ಅವಳು ಬೇಡ ಬೇಡ ಎನ್ನುತ್ತಲೇ ನೆರಿಗೆ ಸರಿಮಾಡಿಕೊಂಡಳು. ಕನಕಾಂಬರ ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ಅದನ್ನು ಮುಡಿಸುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಯಜಮಾನರು ಒಮ್ಮೆ ನನ್ನ ಮುಖ, ಒಮ್ಮೆ ತಂಗಿಯ ಮುಖ ನೋಡಿ, "ನಡಿ, ಹೊತ್ತಾಯ್ತು" ಎಂದಷ್ಟೇ ಹೇಳಿದರು.

ಗೇಟು ಮುಚ್ಚಿದ ಸದ್ದಾಯಿತು. ಮೇಲಿನಿಂದ ಯಾರೋ ಕೂಗಿದರು, "ಅಕ್ಕಾ, ನೀರು."

ಮಧ್ಯಾಹ್ನ ಅತ್ತೆಯ ತುಟಿಗೆ ಹಚ್ಚಿ, ತಲೆಗೆ ಕೈಕೊಟ್ಟು ಎತ್ತಿ ಅನ್ನ ತಿನ್ನಿಸುತ್ತಿದ್ದಾಗ ಮಗಳ ವಿಡಿಯೊ ಕಾಲ್ ಬಂತು. ಫೋನನ್ನು ನೀರಿನ ಚೊಂಬಿಗೆ ಒರಗಿಸಿದೆ. ಎಣ್ಣೆಗೈಯಲ್ಲಿ ಒತ್ತಿದ್ದಕ್ಕೆ ಪರದೆಯೆಲ್ಲ ಮಸುಕು. ಆ ಮಸುಕಿನಲ್ಲಿ ಹಸಿರು ಸೀರೆಯ ನನ್ನ ಮಗಳು, ಗದ್ದಲ, ಯಾರದೋ ಹಾಡು. ಅವಳು ನನ್ನ ಮುಖ ನೋಡಿ ತುಟಿ ಕಚ್ಚಿಕೊಂಡಳು. ಹಿಂದೆ ಗೋಡೆಗೆ ಒತ್ತಿಕೊಂಡು, ಕೈಕಟ್ಟಿ ನಿಂತ ನಾದಿನಿ ಕಂಡಳು.

"ಅತ್ತೇ, ಬಾ ಇಲ್ಲಿ. ಅಮ್ಮನ್ ಬದ್ಲು ನೀನೇ ಬಳೆ ತೊಡ್ಸು" ಎಂದು ಮಗಳು ಕೂಗಿದಳು.

ಹಾಡು ನಿಂತಿತು. ಹಿರಿಯ ಹೆಂಗಸೊಬ್ಬರ ದನಿ ಕೇಳಿಸಿತು: "ಮೊದ್ಲು ಮುತ್ತೈದೇರ್ ಮುಗಿಸ್ಲಿ ಕಣಮ್ಮ, ಆಮೇಲ್ ನೋಡಣ." ನಾದಿನಿ ತಲೆ ತಗ್ಗಿಸಿದಳು. ಅಷ್ಟರಲ್ಲಿ ಅತ್ತೆಗೆ ಅನ್ನ ನೆತ್ತಿಗೇರಿತು. ಅವರನ್ನು ಬಗ್ಗಿಸಿ ಬೆನ್ನು ತಟ್ಟುವಷ್ಟರಲ್ಲಿ ಕಾಲ್ ಕಡಿದುಹೋಗಿತ್ತು. ಅತ್ತೆಯೂ ಆ ಮಾತು ಕೇಳಿಸಿಕೊಂಡಿದ್ದರು. ಉಸಿರು ಸರಿಯಾದ ಮೇಲೆ ಮತ್ತೆ ತುತ್ತಿಗೆ ಬಾಯಿ ತೆರೆಯಲಿಲ್ಲ. "ಸಾಕು" ಎಂದರು.

ಆ ಮಧ್ಯಾಹ್ನ ಬಹಳ ಉದ್ದವಿತ್ತು. ಅವಳನ್ನು ಅವಮಾನಕ್ಕೆ ನಾನೇ ಕಳಿಸಿದೆನೇ ಎಂದು ಒಳಗೊಳಗೇ ಕುದಿದೆ. ಅತ್ತೆಯೂ ನಾನೂ ಒಂದೇ ಕೋಣೆಯಲ್ಲಿ ಕೂತು ಗೇಟಿನ ಒಂದೇ ಸದ್ದಿಗೆ ಕಾಯುತ್ತಿದ್ದೆವು.

ದೀಪ ಹಚ್ಚುವ ಹೊತ್ತಿಗೆ ಅಣ್ಣ ತಂಗಿ ಬಂದರು. ನಾದಿನಿ ಸೆರಗಿನೊಳಗೆ ಕೈ ಮುಚ್ಚಿಕೊಂಡು ನೇರ ಅಡುಗೆಮನೆಗೆ ಬಂದು, ಕೈ ಹೊರಗೆ ತೆಗೆದಳು. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ.

"ನಾನ್ ತೊಡಿಸ್ಲಿಲ್ಲ ಅತ್ತಿಗೆ, ಬಿಡ್ಲಿಲ್ಲ ಅವ್ರು. ನಾನೂ ಮುಂದೆ ಹೋಗ್ಲಿಲ್ಲ. ಎಲ್ಲಾ ಮುಗಿದ್ಮೇಲೆ ನಿನ್ ಮಗ್ಳು ಎದ್ದು, ಆ ಹೊಟ್ಟೆ ಹೊತ್ಕೊಂಡು ಗೋಡೆ ಹತ್ರ ಬಂದು, ನನ್ ಕೈಗ್ ತೊಡ್ಸೇಬಿಟ್ಲು. ಎಲ್ರೂ ನೋಡ್ತಿದ್ರು. ನಾನು ಬೇಡ ಅಂದ್ರೆ, 'ನೀನ್ ಅಮ್ಮನ್ ಸೀರೆ ಉಟ್ಟಿದೀಯ, ಸುಮ್ನಿರು' ಅಂದ್ಲು. ಇವನ್ನ ಒಡೆದ್ಬಿಡ್ತೀನಿ, ಅವ್ವ ನೋಡಿದ್ರೆ..."

"ಒಡೀಬೇಡ" ಎಂದೆ. ಮೋಟಾರು ಹಾಕುವ ನೆಪ ಮಾಡಿ ಹೊರಗೆ ಹೋದೆ.

ಟ್ಯಾಂಕು ತುಂಬಿ, ಮೋಟಾರು ಆರಿಸಿ ಬಂದಾಗ ಅತ್ತೆಯ ಕೋಣೆಯಲ್ಲಿ ಬಳೆಯ ಸದ್ದು. ಬಾಗಿಲಲ್ಲಿ ನಿಂತೆ. ನಾದಿನಿ ಹಾಸಿಗೆಯ ಅಂಚಿನಲ್ಲಿ ಕೂತು, ಎಡಗೈಯಲ್ಲಿ ಅವ್ವನ ಗಲ್ಲ ಹಿಡಿದು, ಬಲಗೈಯ ಬೆರಳಲ್ಲಿ ತುಟಿಗೆ ತೀಡುತ್ತಿದ್ದಳು. ಅತ್ತೆ ಬಾಯಿ ಕೊಟ್ಟಿದ್ದರು. ಬೆರಳು ಅತ್ತಿತ್ತ ಓಡಿದಂತೆ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು. ಬಳೆಯ ಸದ್ದು ಕೇಳಿ ಒಪ್ಪಿದರೋ, ಫೋನಿನಲ್ಲಿ ಕೇಳಿದ ಆ ಮಾತು ಚುಚ್ಚಿತೋ, ಬರಿಯ ಹಸಿವೋ, ನನಗೆ ಗೊತ್ತಿಲ್ಲ.

"ಬಳೆ ಒಡ್ಕಂಡಾವು, ಮೆಲ್ಲಕೆ" ಎಂದರು ಅತ್ತೆ, ಅಷ್ಟೇ.

ನಾನು ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತೆ. ಬೆಳಿಗ್ಗೆ ಒಪ್ಪಬಹುದಿತ್ತಲ್ಲ. ಒಂದೇ ಒಂದು ಹಗಲು ಮುಂಚೆ. ಹೋಗಬೇಕಾದ ದಿನ ಮುಗಿದ ಮೇಲೆ ಬಾಗಿಲು ತೆರೆದರೆ ಎಲ್ಲಿಗೆ ಹೋಗುವುದು?

ಸ್ವಲ್ಪ ಹೊತ್ತಿಗೆ ನಾದಿನಿ ಬಂದು ಪಕ್ಕದಲ್ಲಿ ಕೂತಳು. "ನಾಳೆ ಹೋಗಿ ಮಗ್ಳನ್ ನೋಡ್ಕೊಂಡ್ ಬಾ ಅತ್ತಿಗೆ. ಅವ್ವನ್ನ ನಾನ್ ನೋಡ್ಕೋತೀನಿ."

"ನಾಳೆ ಸೋಮವಾರ ಕಣೇ. ನಿಂಗೆ ಫ್ಯಾಕ್ಟರಿ."

"ಹೌದಲ್ವಾ" ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳಿಗೆ ನಗು ಬಂತು, ನನಗೂ ಬಂತು. ಯಾಕೆಂದು ಇಬ್ಬರಿಗೂ ಗೊತ್ತಿಲ್ಲದೆ, ಸೆರಗು ಬಾಯಿಗಿಟ್ಟುಕೊಂಡು, ಅತ್ತೆಗೆ ಕೇಳಿಸದ ಹಾಗೆ ನಕ್ಕೆವು. ಆಮೇಲೆ ಅವಳು ತನ್ನ ಸೀರೆ ಉಟ್ಟುಕೊಂಡು, ನನ್ನದನ್ನು ಮಡಚಿ ಕೈಗಿಟ್ಟು ಬಸ್ಸಿಗೆ ಹೋದಳು. ಬಳೆ ತೆಗೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ದೇವರ ಮುಂದೆ ನಿಂತಾಗ ಬೇರೆ ಮಾತು ಬರಲಿಲ್ಲ. ನಾದಿನಿ ಸೀಮಂತಕ್ಕೆ ಹೋದದ್ದು ಒಳ್ಳೆಯದಾಯಿತು. ನಾನು ಹೋಗದೆ ಉಳಿದದ್ದು ಒಳ್ಳೆಯದಾಗಲಿಲ್ಲ. ಒಂದಕ್ಕೊಂದು ವಜಾ ಮಾಡದೆ ಎರಡನ್ನೂ ಹಾಗೆಯೇ ಅವನ ಮುಂದಿಟ್ಟೆ. ಒಳಗಿನಿಂದ ಅತ್ತೆ ಕೂಗಿದರು. ಹೋದೆ.